ಕಡತದಲ್ಲಿ ಉಳಿದ ಹೆಸರು

ಹುಮನಾಬಾದಿನಲ್ಲಿ ಧೂಳಮ್ಮನ ಹಾಲನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ, ಬೆರಳದ್ದಿ ನೋಡುತ್ತಿರಲಿಲ್ಲ. ಅದಕ್ಕೆ ಕಾರಣ ಆಕೆಯ ಎಮ್ಮೆಗಳಲ್ಲ, ಆಕೆ ನಡೆದು ಬರುತ್ತಿದ್ದ ದಾರಿ. ಕಪ್ಪರವಾಡಿಯಿಂದ ಬೆಳಗಿನ ಟಂಟಂ ಆಟೋ ಹತ್ತಿ ಬಂದು, ಒಂದು ಕೈಯಲ್ಲಿ ಕ್ಯಾನು, ಸೊಂಟದ ಮೇಲೆ ಹಿತ್ತಾಳೆ ಬಿಂದಿಗೆ ಹೊತ್ತು, ಮೊದಲು ಹಳೇಪೇಟೆಯ ಮಠದ ಹೊಸ್ತಿಲು ದಾಟುತ್ತಿದ್ದಳು. ಬಿಂದಿಗೆಯ ಹಾಲು ದಾಸೋಹಕ್ಕೆ. ಅದನ್ನು ಅಲ್ಲಿ ಸುರಿದ ಮೇಲೆಯೇ ಕ್ಯಾನಿನದು ಪೇಟೆಗೆ. ಮಠದವರು ಒಳಗೆ ಕರೆದುಕೊಂಡ ಹಾಲಿಗೆ ಪೇಟೆಯವರು ಬೀದಿಯಲ್ಲಿ ನಿಂತು ಪ್ರಶ್ನೆ ಕೇಳುವುದೇನಿದೆ? ಹೋಟೆಲಿನವರು, ಖೋವಾ ಕಾಯಿಸುವವರು, ಬಾಣಂತಿಯ ಮನೆಯವರು, ಎಲ್ಲರೂ ಆಕೆ ಮಠದಿಂದ ಹೊರಬೀಳುವುದನ್ನೇ ಕಾಯುತ್ತಿದ್ದರು.

ಮಠಕ್ಕೆ ಒಂದು ರೂಢಿಯಿತ್ತು. ಕಾಣಿಕೆ ತಂದವರ ಪಾತ್ರೆಯನ್ನು ಬರಿದಾಗಿ ಕಳಿಸುತ್ತಿರಲಿಲ್ಲ. ಕಾರ್ಯದರ್ಶಿ ಶಂಕರಲಿಂಗಪ್ಪ, ಹಣೆ ತುಂಬ ವಿಭೂತಿ ಹಚ್ಚಿ ಮೆಲ್ಲಗೆ ಮಾತಾಡುವ ಮನುಷ್ಯ, ತೊಳೆದ ಬಿಂದಿಗೆಯ ತಳಕ್ಕೆ ಒಂದು ಹೆಂಟೆ ಬೆಲ್ಲ ಹಾಕಿ ಕೊಡುತ್ತಿದ್ದ. ಧೂಳಮ್ಮನ ಅವ್ವನ ಕಾಲಕ್ಕೂ ಹಾಕುತ್ತಿದ್ದರು. ಆ ಬೆಲ್ಲ ಬಿಂದಿಗೆಯೊಳಗೆ ಗಡಗಡ ಉರುಳುವ ಸದ್ದು ಕೇಳುತ್ತ ಪೇಟೆಯಲ್ಲಿ ನಡೆದರೆ ಆಕೆಗೆ ತಾನು ಒಬ್ಬಂಟಿ ಅನ್ನಿಸುತ್ತಿರಲಿಲ್ಲ.

ಮಠದಿಂದ ನೇರ ಹೋಗುತ್ತಿದ್ದುದು ಏಜಾಜನ ಚಾ ಹೋಟೆಲಿಗೆ. ಅವನು ಚಾದ ಪಾತ್ರೆಗೆ ಹಾಲು ಸುರಿಯುವ ಮುಂಚೆ ಒಂದು ಸ್ಟೀಲ್ ಲೋಟ ತುಂಬಿ ಬದಿಗಿಡುತ್ತಿದ್ದ. ಅದು ಮಾಳಿಗೆಯ ಮೇಲೆ ಹಾಸಿಗೆ ಹಿಡಿದ ಅವನ ತಾಯಿ ಫಕ್ರುನ್ನೀಸಾಳದು. ಕಿಟಕಿಯಿಂದ ಮುದುಕಿಯ ದನಿ ಬರುತ್ತಿತ್ತು: "ಧೂಳಮ್ಮಾ, ಇವತ್ತ ಜರಾ ತಡಾ ಆತಲ್ಲ?"

"ಎಮ್ಮಿ ಮುನಸಕೊಂಡಿತ್ತಬೇ ಅಮ್ಮೀ, ನಿನ್ನ ಸೊಸಿ ಹಾಂಗ," ಎಂದು ಇವಳು ಕೆಳಗಿನಿಂದ ಕೂಗುತ್ತಿದ್ದಳು. ಹೋಟೆಲಿನಲ್ಲಿ ಕೂತವರು ನಗುತ್ತಿದ್ದರು. ಹಾಗೆ ದಿನ ಶುರುವಾಗುತ್ತಿತ್ತು.

ಕಪ್ಪರವಾಡಿಯ ಮಗ್ಗುಲಿಗೆ ಒಂದು ನಾಲಾ ಹರಿಯುತ್ತದೆ. ಹೆದ್ದಾರಿಯ ಆಚೆ, ಔಷಧಿಗೆ ಬೇಕಾದ ಪುಡಿ ಮಾಡುವ ಕಾರ್ಖಾನೆ ಇದೆ. ಊರವರ ಬಾಯಲ್ಲಿ ಪುಡಿ ಫ್ಯಾಕ್ಟ್ರಿ. ಅದು ಬಂದ ಮೇಲೆ ನಾಲಾದ ನೀರಿಗೆ ನೊರೆ ಬಂತು. ಮೊದಲು ಮೀನು ಮಗುಚಿದವು. ಆಮೇಲೆ ದಂಡೆಯ ಹುಲ್ಲು ಬುಡದಿಂದ ಹಳದಿಯಾಯಿತು. ಬೇಸಿಗೆಯಲ್ಲಿ ಬೇರೆ ನೀರಿಲ್ಲ; ಎಮ್ಮೆಗಳು ಅಲ್ಲೇ ಕುಡಿದವು, ಅಲ್ಲೇ ಬಿದ್ದುಕೊಂಡವು. ಧೂಳಮ್ಮನ ಕೊಟ್ಟಿಗೆಯಲ್ಲಿ ಒಂದು ಎಮ್ಮೆ ದಿನ ತುಂಬುವ ಮುಂಚೆಯೇ ಕಂದು ಹಾಕಿತು. ಇನ್ನೊಂದು, ಚಂದ್ರಿ ಎಂದು ಹೆಸರಿಟ್ಟು ಸಾಕಿದ್ದು, ಬಾಯಲ್ಲಿ ಜೊಲ್ಲು ಸುರಿಸುತ್ತ ನಿಂತಲ್ಲೇ ಕುಸಿದು ಕಾಲು ಝಾಡಿಸಿ ಸತ್ತಿತು.

ಅವತ್ತಿನಿಂದ ಧೂಳಮ್ಮ ಮೊಮ್ಮಗಳು ಧನಶ್ರೀಗೆ ಹಾಲು ಕೊಡುವುದನ್ನು ಬಿಟ್ಟಳು. ಸೊಸೆ ಮನಿಷಾ ಬಟ್ಟಲು ಹಿಡಿದು ಬಂದಾಗ, "ಎಮ್ಮಿ ಹಾಲು ಜಡ ಆಗ್ತದವ್ವ ಕೂಸಿಗೆ. ಕರಿ ಚಾ ಕೊಡು," ಎಂದಳು. ಮನಿಷಾ ಅತ್ತೆಯ ಮುಖ ನೋಡಿದಳು. ಅತ್ತೆ ಮುಖ ಕೊಡಲಿಲ್ಲ. ಕ್ಯಾನು ಮಾತ್ರ ಎಂದಿನಂತೆ ಪೇಟೆಗೆ ಹೋಯಿತು. ಉಳಿದ ಎಮ್ಮೆಗಳು ಮೇಲೆ ನೋಡಲು ಚೆನ್ನಾಗಿಯೇ ಇದ್ದವು. ಹಾಲು ಬೆಳ್ಳಗೇ ಇತ್ತು. ಅದರಾಚೆಗೆ ಯೋಚನೆ ಹರಿಯದಂತೆ ಆಕೆ ಮನಸ್ಸಿಗೆ ಒಂದು ಬದು ಹಾಕಿಕೊಂಡಿದ್ದಳು.

ಶಾಸಕರ ಬಳಿ ಹೋಗೋಣ ಎಂದು ಆಕೆ ಅಂದಾಗ ಊರ ಹಿರಿಯರು ಬೇಡವೆಂದರು. "ನಮ್ಮ ಊರ ಹೊಟ್ಟಿ ಹಾಲಿನ ಮ್ಯಾಲ ಅದ. ನೀರು ಕೆಟ್ಟದ ಅಂತ ನಾವೇ ಡಂಗುರಾ ಹೊಡೆಯೂದೇನು?" ಧೂಳಮ್ಮ ಒಬ್ಬಳೇ ಬಾಟಲಿಯಲ್ಲಿ ನಾಲಾದ ನೀರು ತುಂಬಿಕೊಂಡು ಬಸ್ಸು ಹತ್ತಿದಳು.

ಶಾಸಕ ಮಹಾರುದ್ರಪ್ಪನವರ ಮನೆ ಬಸವಕಲ್ಯಾಣದಲ್ಲಿ. ಕಪ್ಪರವಾಡಿ ಹಾಲು ಮಾರುವುದು ಹುಮನಾಬಾದಿಗಾದರೂ ಓಟು ಹಾಕುವುದು ಬಸವಕಲ್ಯಾಣಕ್ಕೆ. ಪುಡಿ ಫ್ಯಾಕ್ಟ್ರಿ ಇದ್ದದ್ದು ಪಕ್ಕದ ಕ್ಷೇತ್ರದಲ್ಲಿ, ಎದುರು ಪಕ್ಷದವರು ಗೆದ್ದ ನೆಲದಲ್ಲಿ. ನಾಲಾಕ್ಕೆ ಮಾತ್ರ ಕ್ಷೇತ್ರದ ಗಡಿ ಗೊತ್ತಿರಲಿಲ್ಲ. ಮಹಾರುದ್ರಪ್ಪನವರು ಒಳ್ಳೆಯ ದನಿಯ ಮನುಷ್ಯರು. ಎಲ್ಲೇ ಮಾತಿಗೆ ನಿಂತರೂ ಕಣ್ಣು ಮುಚ್ಚಿ ಒಂದು ವಚನ ಹೇಳಿಯೇ ಶುರು. ಧೂಳಮ್ಮ ಸೋಮವಾರ ಸಂಜೆ ಮಠದ ಕಂಬಕ್ಕೊರಗಿ ಕೂತು ವಚನ ಕೇಳಿ ಬೆಳೆದವಳು. ಓದು ಬಾರದಿದ್ದರೂ ಕಿವಿಯಿಂದ ಬಾಯಿಗೆ ಇಳಿದದ್ದು ಬಹಳವಿತ್ತು. ಅಷ್ಟು ಚೆಂದ ಹೇಳುವ ಬಾಯಿ ಕೊಟ್ಟ ಮಾತು ತಪ್ಪೀತೆಂದು ಆಕೆಗೆ ಕನಸಿನಲ್ಲೂ ಬರುವಂತಿರಲಿಲ್ಲ.

"ಏನವ್ವ, ಹಾಲು ತಂದಿಯೇನು?" ಬಾಟಲಿ ನೋಡಿ ಕೇಳಿದರು ಮಹಾರುದ್ರಪ್ಪ.

"ಹಾಲಲ್ರಿ ಸಾಹೇಬ್ರ. ನಾಲಾದ ನೀರು."

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಆಪ್ತ ಸಹಾಯಕ ಅಂಬಾದಾಸ ಆಗಲೇ ಮೊಬೈಲಿನಲ್ಲಿ ಫೋಟೋ ಹೊಡೆದ, ಬಾಟಲಿಯದೊಂದು, ಧೂಳಮ್ಮನದೊಂದು. "ಸಾಹೇಬ್ರ, ಬೆಳಗಾವಿ ಅಧಿವೇಶನಕ್ಕ ಬರೋಬರ್ ಕುಂದರ್ತದ ಇದು," ಎಂದ.

ಧೂಳಮ್ಮ ಎಲ್ಲ ಹೇಳಿದಳು. ಚಂದ್ರಿ ಸತ್ತದ್ದು, ಕಂದು ಬಿದ್ದದ್ದು. ಕೊನೆಗೆ ತನ್ನ ಹಾಲಿನ ಮಾತು ಬಂದಾಗ ಎದೆ ಸೆಟೆಸಿ, "ಅಂಥಿಂಥಾ ಹಾಲಲ್ರಿ ನಮ್ದು, ಮಠದ ದಾಸೋಹಕ್ಕ ಹೋಗೂ ಹಾಲು. ಏಜಾಜನ ಹೋಟೆಲಿಗೂ ಅದೇ," ಎಂದಳು. ತಾನು ಗತಿಗೆಟ್ಟವಳಲ್ಲ ಎಂದು ತಿಳಿಯಲಿ ಎಂಬುದಷ್ಟೇ ಅದರ ಅರ್ಥ. ಅಂಬಾದಾಸ ಅದನ್ನೂ ಗುರುತು ಹಾಕಿಕೊಂಡ.

"ಒಂದೇ ಮಾತ್ರಿ ಸಾಹೇಬ್ರ. ನಾಲಾ ಸ್ವಚ್ಛ ಮಾಡಸ್ರಿ. ಆದ್ರ ಸಭಾದಾಗ ನಮ್ಮ ಊರ ಹೆಸರು ಹೇಳಬ್ಯಾಡ್ರಿ. ಹೇಳಿದ್ರ ಹಾಲು ಯಾರೂ ಮುಟ್ಟೂದಿಲ್ಲ. ಊರಾಗ ನನ್ನ ಇರಗೊಡೂದಿಲ್ಲ."

ಮಹಾರುದ್ರಪ್ಪನವರು ಅಂಗಿಯ ಮೇಲಿನಿಂದಲೇ ಎದೆಯ ಲಿಂಗದ ಮೇಲೆ ಕೈಯಿಟ್ಟರು. "ಇದರ ಆಣಿ ಅದ ನೋಡವ್ವ. ಒಂದು ಊರು ಅಂತೀನಿ. ಒಬ್ಬ ತಾಯಿ ಅಂತೀನಿ. ಸಾಕಲ್ಲ?"

ಧೂಳಮ್ಮ ಅವರ ಕಾಲು ಮುಟ್ಟಿದಳು.

ಅವರು ಮಾತಾಡುವ ದಿನ ಅಂಬಾದಾಸ ಮನಿಷಾಳ ಮೊಬೈಲಿಗೆ ಫೋನು ಮಾಡಿದ: ಮಧ್ಯಾಹ್ನ ಶೂನ್ಯವೇಳೆಯಲ್ಲಿ ಸಾಹೇಬರು ಏಳುತ್ತಾರೆ, ಟೀವಿ ನೋಡಿರಿ. ಧೂಳಮ್ಮ ಏಜಾಜನ ಹೋಟೆಲಿಗೆ ಬಂದು ಒಲೆಯ ಪಕ್ಕ ಕೂತಳು. ಏಜಾಜ ಹಾಡು ಬರುತ್ತಿದ್ದ ಟೀವಿಯನ್ನು ಅಧಿವೇಶನಕ್ಕೆ ತಿರುಗಿಸಿದ. ಚಾ ಕುಡಿಯುತ್ತಿದ್ದವರು ಗೊಣಗಿದರು. "ಸುಮ್ಕ ಕೂಡ್ರಿ ಭಾಯ್," ಎಂದ ಏಜಾಜ, "ನಮ್ಮ ಮೌಸಿ ಮಾತು ಇವತ್ತ ಸರ್ಕಾರ ಕೇಳಾಕತ್ತದ."

ಮಹಾರುದ್ರಪ್ಪನವರು ಎದ್ದರು. ಕಣ್ಣು ಮುಚ್ಚಿ ವಚನ ಹೇಳಿದರು. ಧೂಳಮ್ಮನ ತುಟಿ ಅವರೊಂದಿಗೆ ಆಡಿತು. ಆಮೇಲೆ ಅವರು ಬಾಟಲಿಯನ್ನು ಎತ್ತಿ ಹಿಡಿದರು. "ಮಾನ್ಯ ಸಭಾಧ್ಯಕ್ಷರೇ, ಇದು ಹಾಲಲ್ಲ. ನಮ್ಮ ಭಾಗದ ಒಂದು ಊರಿನ ಜನ, ಜಾನುವಾರು ಕುಡಿಯೋ ನೀರು. ಒಬ್ಬ ತಾಯಿ ಇದನ್ನ ನನ್ನ ಕೈಗೆ ಕೊಟ್ಟು ಕಣ್ಣೀರು ಹಾಕಿದಳು."

ಕಣ್ಣೀರು ಹಾಕಿರಲಿಲ್ಲ. ಇರಲಿ, ಎಂದುಕೊಂಡಳು ಧೂಳಮ್ಮ. ಹೇಳುವಾಗ ಅಷ್ಟು ಸೇರಿಸಬೇಕಾಗುತ್ತದೆ.

ಮಂತ್ರಿ ಕೂತಲ್ಲಿಂದಲೇ ಕೈ ಎತ್ತಿದ. "ಯಾವ ಊರು ಹೇಳಿ ಸ್ವಾಮಿ. ಹೆಸರಿಲ್ಲದ ಊರಿಗೆ ನಾನು ಏನಂತ ಉತ್ತರ ಕೊಡಲಿ?"

"ಕನಸಲ್ಲಿ ಕಂಡ ಊರಿರಬೇಕು," ಎಂದು ಹಿಂದಿನಿಂದ ಯಾರೋ ಕೂಗಿದರು. ಸದನ ನಕ್ಕಿತು. "ಬಾಟಲಿಯಲ್ಲಿ ಸೋಪು ಕಲಸಿಕೊಂಡು ಬಂದಿದ್ದಾರೆ ನೋಡಿ," ಎಂದು ಇನ್ನೊಬ್ಬರು.

ಮಹಾರುದ್ರಪ್ಪನವರ ಕೊರಳ ನರ ಉಬ್ಬಿತು. ಅವರ ಕೈ ಎದೆಯ ಕಡೆ ಹೋಯಿತು. ಆಣೆ ನೆನಪಾಯಿತು ಅವರಿಗೆ ಎಂದು ಧೂಳಮ್ಮನ ಜೀವ ತಣ್ಣಗಾಯಿತು. ಕೈ ಹೋದದ್ದು ಅಂಗಿಯ ಜೇಬಿಗೆ. ಹೊರಬಂದದ್ದು ಆಕೆಯ ಫೋಟೋ.

"ಊರು ಕಪ್ಪರವಾಡಿ. ಈ ತಾಯಿ ಹೆಸರು ಧೂಳಮ್ಮ. ಬರಕೊಳ್ರಿ ಮಂತ್ರಿಗಳೇ. ಇಕಿ ಎಮ್ಮಿ ಸತ್ತಾವ. ಸಾಯದೇ ಉಳಿದ ಎಮ್ಮಿ ಹಾಲು ಎಲ್ಲಿ ಹೋಗ್ತದ ಗೊತ್ತೇನು? ಹುಮನಾಬಾದಿನ ಹೋಟೆಲಿಗೆ ಹೋಗ್ತದ. ಮಠದ ದಾಸೋಹಕ್ಕ ಹೋಗ್ತದ. ನಮ್ಮ ಮಕ್ಕಳು ದಿನಾ ವಿಷ ಕುಡ್ಯಾಕತ್ತಾರ. ಇದಕ್ಕ ಕಾರಣ..." ಎಂದು ಅವರು ಪುಡಿ ಫ್ಯಾಕ್ಟ್ರಿಯ ನಿಜ ಹೆಸರನ್ನು ಹೇಳಿದರು.

ಗದ್ದಲವೆದ್ದಿತು. ಸಭಾಧ್ಯಕ್ಷರು ಗಂಟೆ ಬಾರಿಸಿದರು. "ಸದನದಲ್ಲಿ ಇಲ್ಲದವರ ಮೇಲೆ ಆರೋಪ ಮಾಡುವಂತಿಲ್ಲ. ಅವರು ಇಲ್ಲಿ ಬಂದು ಉತ್ತರ ಕೊಡಲಾರರು. ಆ ಹೆಸರನ್ನು ಕಡತದಿಂದ ತೆಗೆಯಿರಿ."

ಹೋಟೆಲಿನಲ್ಲಿ ಒಬ್ಬ ಬಾಯಲ್ಲಿದ್ದ ಚಾವನ್ನು ಬಾಗಿಲಾಚೆ ಉಗುಳಿ ಬಂದ. ಒಬ್ಬೊಬ್ಬರೇ ಕಪ್ಪು ಕೆಳಗಿಟ್ಟರು. ಯಾರೂ ಧೂಳಮ್ಮನತ್ತ ನೋಡಲಿಲ್ಲ. ಎಲ್ಲರೂ ಕಪ್ಪಿನೊಳಗೆ ನೋಡುತ್ತಿದ್ದರು. ಏಜಾಜ ಒಲೆ ಆರಿಸಿದ.

"ಏಜಾಜಪ್ಪ," ಎಂದಳು ಧೂಳಮ್ಮ, "ಕಡತದಿಂದ ತೆಗೀರಿ ಅಂದ್ರ ಏನು?"

"ಅಳಿಸಿ ಹಾಕ್ತಾರ ಮೌಸಿ. ಆ ಮಾತು ಆಡೇ ಇಲ್ಲ ಅಂತ ಆಗ್ತದ." ಅವನು ಮಾಳಿಗೆಯ ಕಡೆ ಕಣ್ಣೆತ್ತಿ ನೋಡಿದ, ತಾಯಿಗೆ ಬೆಳಿಗ್ಗೆ ಕೊಟ್ಟ ಹಾಲಿನ ಲೋಟ ಇನ್ನೂ ಮೇಲಿತ್ತೇನೋ. "ನಾಳಿಗಿ ಹಾಲು ಬ್ಯಾಡ. ಗಿರಾಕಿ ಕೇಳ್ತಾರ. ಮಠದಾಗ ತಗೊಂಡ್ರ ಬಾ, ನಾನೂ ತಗೋತೀನಿ."

ಮರುದಿನ ಶಂಕರಲಿಂಗಪ್ಪ ಮಠದ ಹೊಸ್ತಿಲಲ್ಲೇ ನಿಂತಿದ್ದ. ಬಿಂದಿಗೆ ಮುಟ್ಟಲಿಲ್ಲ. ಎರಡೂ ಕೈ ಮುಗಿದ, ದೇವರಿಗೆ ಮುಗಿದಂತೆ. "ಮುಂದ ನೋಡೂಣವ್ವ," ಎಂದ. ಅಷ್ಟೇ. ಗದರಲಿಲ್ಲ, ಬಾಗಿಲು ಹಾಕಲಿಲ್ಲ. ಗದರಿದ್ದರೆ ಧೂಳಮ್ಮ ತಿರುಗಿ ನಾಲ್ಕು ಮಾತಾಡುತ್ತಿದ್ದಳು. ಮುಗಿದ ಕೈಗೆ ಏನು ಹೇಳುವುದು? ಅವ್ವನ ಕಾಲದಿಂದ ಬೆಲ್ಲ ಹೊತ್ತು ಬರುತ್ತಿದ್ದ ಬಿಂದಿಗೆ ಅವತ್ತು ಹಾಲು ಹೊತ್ತು ಮರಳಿತು. ಬೀದಿಯ ಎರಡೂ ಮಗ್ಗುಲಿನವರು ಅದು ತುಂಬಿಕೊಂಡೇ ಹೋಗುವುದನ್ನು ನೋಡಿದರು.

ಕಪ್ಪರವಾಡಿಯಲ್ಲಿ ಎಲ್ಲರ ಮನೆಯ ಕ್ಯಾನುಗಳೂ ಹಾಗೇ ಹಿಂದೆ ಬಂದಿದ್ದವು. ಫ್ಯಾಕ್ಟ್ರಿಯನ್ನು ಯಾರೂ ಬೈಯಲಿಲ್ಲ. ಫ್ಯಾಕ್ಟ್ರಿ ದೂರವಿತ್ತು, ಧೂಳಮ್ಮ ಹತ್ತಿರವಿದ್ದಳು. "ಫೋಟೋ ಭಾಳ ಚೆಂದ ಬಂದಿತ್ತವ್ವ ಟೀವ್ಯಾಗ," ಎಂದರು ಬಾವಿಕಟ್ಟೆಯ ಹೆಂಗಸರು, "ಇನ್ನೊಂದು ಸೀರಿ ಉಟಗೊಂಡು ಹೋಗಬೇಕಾಗಿತ್ತು." ಮನಿಷಾಳ ಕೊಡವನ್ನು ಸಾಲಿನಿಂದ ಎತ್ತಿ ಕಡೆಗೆ ಇಟ್ಟರು. ಬೀದಿಯ ಮಕ್ಕಳು ಧನಶ್ರೀಯನ್ನು ಆಟಕ್ಕೆ ಸೇರಿಸದೆ 'ವಿಷದ ಕೂಸು' ಎಂದು ಕೂಗಿ ಓಡಿದರು.

ಎಮ್ಮೆಗಳಿಗೆ ಇದೇನೂ ಗೊತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಕೆಚ್ಚಲು ಬಿಗಿದು ಕೂಗಿದವು. ಹಿಂಡದೆ ಬಿಟ್ಟರೆ ಬಾವು ಬರುತ್ತದೆ. ಧೂಳಮ್ಮ ಹಿಂಡಿದಳು, ಹಿಂಡಿದ್ದನ್ನು ಹೊತ್ತುಕೊಂಡು ಹೋಗಿ ನಾಲಾಕ್ಕೆ ಸುರಿದಳು. ನೊರೆಯ ನೀರಿನಲ್ಲಿ ಹಾಲು ಬಿದ್ದದ್ದು ಎಲ್ಲಿ ಎಂದು ಕೂಡ ಕಾಣಲಿಲ್ಲ.

ಆಕೆಗೆ ಒಂದೇ ದಾರಿ ಹೊಳೆದಿತ್ತು. ಫ್ಯಾಕ್ಟ್ರಿಯ ಹೆಸರನ್ನು ತೆಗೆದ ಹಾಗೆ ತನ್ನ ಊರಿನ ಹೆಸರನ್ನೂ ತೆಗೆಸಬೇಕು. ಆಡೇ ಇಲ್ಲ ಎಂದಾದರೆ ಮಠದ ಬಾಗಿಲು ತೆರೆಯುತ್ತದೆ. ಮಠ ತಗೊಂಡರೆ ಏಜಾಜ ತಗೊಳ್ಳುತ್ತಾನೆ, ಏಜಾಜ ತಗೊಂಡರೆ ಪೇಟೆ. ಅಧಿವೇಶನ ಮುಗಿಸಿ ಶಾಸಕರು ಊರಿಗೆ ಬಂದರೆಂದು ಕೇಳಿದ್ದೇ ತಡ ಮತ್ತೆ ಬಸವಕಲ್ಯಾಣಕ್ಕೆ ಹೋದಳು.

ಮನೆಯ ಮುಂದೆ ಹಾರಗಳ ರಾಶಿ ಬಿದ್ದಿತ್ತು. ಅಂಬಾದಾಸ ಸನ್ಮಾನ ಸಮಾರಂಭದ ಬ್ಯಾನರು ಬಿಡಿಸಿ ಅಂಗಳದಲ್ಲಿ ಹಾಸಿ ನೋಡುತ್ತಿದ್ದ. ಬಾಟಲಿ ಎತ್ತಿ ಹಿಡಿದ ಮಹಾರುದ್ರಪ್ಪ, ಕೆಳಗೆ ಮೂಲೆಯಲ್ಲಿ ಸಣ್ಣದಾಗಿ ಧೂಳಮ್ಮನ ಮುಖ.

"ಬಾರಬೇ, ನಿನ್ನ ನೆನಸಾಕತ್ತಿದ್ದೆ. ನೂರು ವರ್ಷ ಆಯುಷ್ಯ ನಿನಗ," ಎಂದ ಅಂಬಾದಾಸ.

"ಅಷ್ಟು ಬ್ಯಾಡಪ್ಪ. ನಮ್ಮ ಊರ ಹೆಸರು ಕಡತದಿಂದ ತೆಗೆಸ್ರಿ. ಫ್ಯಾಕ್ಟ್ರಿದು ತೆಗೆದ್ರಲ್ಲ, ಹಾಂಗ."

ಅಂಬಾದಾಸ ನಕ್ಕ. ಆಮೇಲೆ ಆಕೆ ತಮಾಷೆ ಮಾಡುತ್ತಿಲ್ಲವೆಂದು ತಿಳಿದು ಸಮಾಧಾನದಿಂದ ವಿವರಿಸಿದ. "ಅದು ಕಾಯ್ದೆ ಅವ್ವ. ಫ್ಯಾಕ್ಟ್ರಿಯವರು ಸದನದಾಗ ಇರಲಿಲ್ಲ. ಇಲ್ಲದವರ ಮ್ಯಾಲ ಮಾತಾಡಬಾರದು. ಅದಕ್ಕ ತೆಗೆದ್ರು."

"ನಾನೂ ಇರಲಿಲ್ಲಲ್ರೀ."

"ನಿನ್ನ ಮ್ಯಾಲ ಯಾರು ಆರೋಪ ಮಾಡ್ಯಾರ? ತಾಯಿ ಅಂದಾರ ನಿನ್ನ. ಆರೋಪ ಆದ್ರ ತೆಗೀತಾರ, ಹೊಗಳಿದ್ದು ತೆಗಿಯೂದಿಲ್ಲ. ನಿನ್ನ ಹೆಸರು ಇನ್ನ ಕಾಯಂ. ನನ್ನ ಹೆಸರು ಇಲ್ಲ ನೋಡು ಅದರಾಗ, ಇಷ್ಟು ವರ್ಷ ದುಡದೀನಿ."

ಒಳಗಿನಿಂದ ಮಹಾರುದ್ರಪ್ಪನವರು ಬಂದರು. ಧೂಳಮ್ಮ ಕಾಲು ಮುಟ್ಟಲಿಲ್ಲ. "ಲಿಂಗದ ಮ್ಯಾಲ ಕೈ ಇಟ್ಟಿದ್ರಿ ಸಾಹೇಬ್ರ," ಎಂದಳು.

ಒಂದು ಕ್ಷಣ ಅವರ ಮುಖ ಸಣ್ಣದಾಯಿತು. ನಂತರ ಎಂದಿನ ಅಳತೆಗೆ ಬಂತು. "ಅವ್ವ, ಹೆಸರು ಹೇಳದಿದ್ರ ನಿನ್ನ ದುಃಖಕ್ಕ ಅಲ್ಲಿ ನಗತಿದ್ರು. ನಕ್ಕರು, ನೀನೇ ನೋಡಿಯಲ್ಲ. ನಿನ್ನ ಮರ್ಯಾದಿ ಸಲುವಾಗಿ ನಾ ಆಣಿ ಮುರದೆ. ಆ ಪಾಪ ನನಗಿರಲಿ." ಪಾಪವನ್ನೂ ಅವರು ಶಾಲಿನಂತೆ ಹೊದ್ದುಕೊಂಡರು. "ನಿನ್ನ ಹಾಲಿನ ಚಿಂತಿ ನನಗ ಬಿಡು. ಸನ್ಮಾನದ ದಿನ ಹಾಲು ತಗೊಂಡು ಬಾ. ಎಲ್ಲರ ಮುಂದ, ಸ್ಟೇಜಿನ ಮ್ಯಾಲ, ನಾ ಕುಡೀತೀನಿ. ಶಂಕರಲಿಂಗಪ್ಪನ್ನೂ ಕರಸ್ತೀನಿ. ಆಮ್ಯಾಲ ಯಾರು ಬ್ಯಾಡಂತಾರ ನೋಡೂಣು."

ಹೆಸರು ತೆಗೆಸುವುದಕ್ಕಿಂತ ಇದು ದೊಡ್ಡದೆಂದು ಧೂಳಮ್ಮನಿಗೆ ಅನ್ನಿಸಿತು. ಕುಡಿದ ಮೇಲೆ ಮಾತೇನು?

ಸನ್ಮಾನದ ದಿನ ಬೆಳಿಗ್ಗೆ ಆಕೆ ಎಲ್ಲಕ್ಕಿಂತ ಗಟ್ಟಿಮುಟ್ಟಾಗಿದ್ದ ಎಮ್ಮೆಯ ಕೆಳಗೆ ಕೂತು ಹಿಂಡಿದಳು. ಹುಣಸೆಹಣ್ಣು ಹಚ್ಚಿ ಬಿಂದಿಗೆ ತಿಕ್ಕಿದಳು. ಮನಿಷಾ ಬಾಗಿಲಲ್ಲಿ ನಿಂತಿದ್ದಳು.

"ಅತ್ತಿ, ಮನ್ಯಾಗ ಕೂಸಿಗೆ ಹನಿ ಕೊಡೂದಿಲ್ಲ ನೀವು. ಅವರಿಗೆ ಹ್ಯಾಂಗ ಕೊಡ್ತೀರಿ?"

"ಬಾಯಿ ಮುಚ್ಚು. ನಿನ್ನ ಕೂಸು ನಾಳಿ ಏನ್ ತಿಂತದ?"

ಮನಿಷಾ ಬಾಗಿಲು ಬಿಟ್ಟು ಸರಿದಳು.

ಬಸವಕಲ್ಯಾಣದ ಸಭಾಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಕೂತ ಧೂಳಮ್ಮ ಅತ್ತಿತ್ತ ನೋಡಿದಳು. ಎರಡನೇ ಸಾಲಿನಲ್ಲಿ ಪುಡಿ ಫ್ಯಾಕ್ಟ್ರಿಯ ಮ್ಯಾನೇಜರು ಕೂತಿದ್ದ. ಬಾಗಿಲ ಬಳಿ ಎಲ್ಲರಿಗೂ ಹಂಚುತ್ತಿದ್ದ ನೀರಿನ ಬಾಟಲಿಗಳು ಅವನ ಕಡೆಯವು ಎಂದು ಯಾರೋ ಪಿಸುಗುಟ್ಟಿದರು. ಸದನದಲ್ಲಿ ಇಲ್ಲದವನು ಇಲ್ಲಿ ಇದ್ದ. ಮಹಾರುದ್ರಪ್ಪನವರು ಒಂದು ಗಂಟೆ ಮಾತಾಡಿದರು. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ದುಡಿಯುವವರೆಲ್ಲ ಕೂತು ಮಾತಾಡಿದರು, ನಾನು ಅದನ್ನೇ ಬೆಳಗಾವಿಗೆ ಒಯ್ದೆ ಎಂದರು. ಜನರ ದನಿ ಎಂದರು, ನೀರು ಎಂದರು, ನೆಲ ಎಂದರು. ಫ್ಯಾಕ್ಟ್ರಿಯ ಹೆಸರನ್ನು ಇಲ್ಲಿ ಯಾರೂ ತೆಗೆಸಬೇಕಾಗಲಿಲ್ಲ. ಅದು ಬರಲೇ ಇಲ್ಲ.

ನಂತರ ಧೂಳಮ್ಮನನ್ನು ಮೇಲೆ ಕರೆದರು. ಬಿಂದಿಗೆಯಿಂದ ಬೆಳ್ಳಿಯ ಲೋಟಕ್ಕೆ ಆಕೆ ಹಾಲು ಸುರಿದಳು. ಮೊಬೈಲುಗಳೆಲ್ಲ ಎದ್ದು ನಿಂತವು. ಮಹಾರುದ್ರಪ್ಪನವರು ಲೋಟವನ್ನು ಎರಡೂ ಕೈಯಲ್ಲಿ ಹಣೆಗೆ ಮುಟ್ಟಿಸಿದರು. ಕಣ್ಣು ಮುಚ್ಚಿ ವಚನ ಹೇಳಿದರು. ಧೂಳಮ್ಮನ ತುಟಿ ಮತ್ತೆ ಅವರೊಂದಿಗೆ ಆಡಿತು. ಅವರು ಲೋಟವನ್ನು ತುಟಿಗಿಟ್ಟು ತಲೆ ಹಿಂದೆ ಬಾಗಿಸಿದರು, ಫೋಟೋ ಹೊಡೆಯುವವರಿಗೆ ಸಾಕಾಗುವಷ್ಟು ಹೊತ್ತು ಹಾಗೇ ಇದ್ದರು. ಚಪ್ಪಾಳೆ ಬಿತ್ತು.

ಧೂಳಮ್ಮ ಅವರ ಮಗ್ಗುಲಿಗೇ ಇದ್ದಳು. ಅವರ ಗಂಟಲಮಣಿ ಅಲುಗಿರಲಿಲ್ಲ. ಮೇಲ್ದುಟಿಯ ಮೇಲೆ ಒಂದು ಬಿಳಿ ಗೆರೆ ಮೂಡಿತ್ತು. ಅದನ್ನವರು ಹೊಸ ಶಾಲಿನ ಅಂಚಿನಿಂದ ಒತ್ತಿ ಒರೆಸಿದರು, ಮತ್ತೊಮ್ಮೆ ಒರೆಸಿದರು. ತುಂಬಿದ ಲೋಟವನ್ನು ಆಕೆಯ ಕೈಗೆ ಕೊಟ್ಟರು. "ಪ್ರಸಾದ ಆತವ್ವ," ಎಂದರು ಮೈಕಿನಲ್ಲಿ.

ಆಕೆ ಲೋಟ ಹಿಡಿದು ನಿಂತಳು. ಎಲ್ಲಿಡಬೇಕು ಎಂದು ಮೇಜಿನತ್ತ ನೋಡಿದಳು. ವೇದಿಕೆಯ ಕುರ್ಚಿಯಲ್ಲಿ ಕೂತಿದ್ದ ಶಂಕರಲಿಂಗಪ್ಪ ಮುಂದೆ ಬಾಗಿ ಮೆಲ್ಲಗೆ ಹೇಳಿದ: "ಪ್ರಸಾದ ಚೆಲ್ಲಬಾರದು ಧೂಳಮ್ಮ. ನಿನಗ ಹೇಳಬೇಕೇನು?"

ಹೇಳಬೇಕಿರಲಿಲ್ಲ. ಪ್ರಸಾದವೆಂದು ಕೈಗೆ ಬಂದದ್ದನ್ನು ಒಂದು ಹನಿ ಬಿಡದೆ ಮುಗಿಸಬೇಕು, ಪಾತ್ರೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯಬೇಕು. ನಡೆಯಲು ಬಂದಾಗಿನಿಂದ ಆಕೆ ಮಠದಲ್ಲಿ ಕಲಿತದ್ದು ಅದು. ಲೋಟದೊಳಗಿನ ಬಿಳುಪನ್ನು ನೋಡಿದಳು. ಚಂದ್ರಿಯ ಬಾಯಿಂದ ಸುರಿದ ಜೊಲ್ಲು ಕಣ್ಣೆದುರು ಬಂತು. ಆಕೆ ಹಿಂಜರಿದಳು, ಹೆಚ್ಚೇನಲ್ಲ, ಒಂದು ಉಸಿರಿನಷ್ಟು. ಆದರೆ ಸಭೆಗೆ ಅಷ್ಟೇ ಸಾಕಾಗಿತ್ತು. ಮೊಬೈಲುಗಳೆಲ್ಲ ಆಕೆಯ ಕಡೆ ತಿರುಗಿದವು. ಎರಡನೇ ಸಾಲಿನ ಮ್ಯಾನೇಜರು ಕಾಲಮೇಲೆ ಕಾಲು ಹಾಕಿಕೊಂಡು ಸಣ್ಣಗೆ ನಕ್ಕ.

ಧೂಳಮ್ಮ ಕುಡಿದಳು. ಬಿಸಿಲಿಗೆ ಬೆಚ್ಚಗಾಗಿದ್ದ ಹಾಲು, ಎಲ್ಲ ಹಾಲಿನ ಹಾಗೇ ಇತ್ತು. ಮ್ಯಾನೇಜರ ಕಡೆಯ ಬಾಟಲಿಯಿಂದ ನೀರು ಸುರಿದು, ಲೋಟ ತಿರುಗಿಸಿ, ಅದನ್ನೂ ಕುಡಿದಳು.

"ಅಜ್ಜಿ, ಫೋಕಸ್ ಆಗಿಲ್ಲ," ಎಂದ ಫೋಟೋದವನೊಬ್ಬ, "ಇನ್ನೊಮ್ಮೆ ಎತ್ರಿ."

ಆಕೆ ಬರಿದಾದ ಲೋಟವನ್ನು ಇನ್ನೊಮ್ಮೆ ಬಾಯಿಗೆ ಎತ್ತಿದಳು.

ನಾಳೆಯಿಂದ ಧೂಳಮ್ಮನ ಹಾಲು ಮೊದಲಿನಂತೆ ದಾಸೋಹಕ್ಕೆ ಎಂದು ಶಂಕರಲಿಂಗಪ್ಪ ಮೈಕಿನಲ್ಲಿ ಸಾರಿದ. ಹಾಗೆಯೇ ನಡೆಯಿತು. ಮರುದಿನ ಆಕೆ ಹೊಸ್ತಿಲು ದಾಟುವುದನ್ನು ಹಳೇಪೇಟೆಯೆಲ್ಲ ನಿಂತು ನೋಡಿತು. ಬಿಂದಿಗೆ ಒಳಗೆ ಹೋಯಿತು, ತೊಳೆದು ಹೊರಗೆ ಬಂತು. ತಳದಲ್ಲಿ ಬೆಲ್ಲ ಗಡಗಡ ಉರುಳಿತು. ಆ ಸದ್ದಿಗೆ ಆಕೆಯ ಕಣ್ಣಲ್ಲಿ ನೀರು ಬಂತು. ಬೀದಿಗೆ ಇಳಿದ ಮೇಲೆ ನೆನಪಾಯಿತು: ಬಿಂದಿಗೆಯ ಬಾಯಿಗೆ ಕಟ್ಟುವ ಬಟ್ಟೆ ಒಳಗೇ ಉಳಿದಿದೆ. ತಿರುಗಿ ಹೋದಳು.

ಅಡಿಗೆಮನೆಯ ಹಿತ್ತಲಿನಲ್ಲಿ, ಬಚ್ಚಲ ತೂಬಿನ ಮುಂದೆ ಶಂಕರಲಿಂಗಪ್ಪ ಕೂತಿದ್ದ. ಆಕೆಯ ಹಾಲನ್ನು ಪಾತ್ರೆಯಿಂದ ತೆಳ್ಳಗೆ, ಸದ್ದಾಗದಂತೆ ತೂಬಿಗೆ ಬಿಡುತ್ತಿದ್ದ. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದ. ಕಿವಿಗೊಟ್ಟರೆ ವಚನ. ಹಿಂದೆ ಕಟ್ಟೆಯ ಮೇಲೆ ಪ್ಯಾಕೆಟ್ ಹಾಲಿನ ಟ್ರೇಗಳು ಸಾಲಾಗಿದ್ದವು.

ಆಕೆಯನ್ನು ಕಂಡು ಅವನು ಗಾಬರಿಯಾಗಲಿಲ್ಲ. ಪೂರ್ತಿ ಸುರಿದು ಮುಗಿಸಿಯೇ ಎದ್ದ.

"ದಾಸೋಹದಾಗ ಸಾಲಿ ಹುಡುಗ್ರು ಉಣ್ತಾವ ಧೂಳಮ್ಮ. ನನ್ನ ಕೈಲಿ ಆಗೂದಿಲ್ಲ."

"ಮತ್ತ ಯಾಕ ತಗೋತೀರಿ?"

"ಸಾಹೇಬ್ರು ಹೇಳ್ಯಾರ. ನಿನ್ನ ಹೊಟ್ಟಿಪಾಡೂ ಅದ. ನೀ ದಿನಾ ಬಾ. ಮುಂದಿನ ಬಾಗಿಲಿಂದ್ಲೇ ಬಾ, ಮಂದಿ ನೋಡ್ಲಿ." ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಆಕೆಯ ಕೈಗಿಟ್ಟ. "ನೀ ಯಾರ ಮುಂದೂ ಅನ್ನಬ್ಯಾಡ. ನಾನೂ ಅನ್ನೂದಿಲ್ಲ."

ಪ್ರಸಾದ ಚೆಲ್ಲಬಾರದೆಂದು ಹೇಳಿದ ಬಾಯಿ ಅದೇ. ಧೂಳಮ್ಮ ಅದನ್ನು ಅವನಿಗೆ ನೆನಪಿಸಲಿಲ್ಲ. ನೆನಪಿಸಿದರೆ ಏನು ಹೇಳುತ್ತಾನೆಂದು ಆಕೆಗೆ ಗೊತ್ತಿತ್ತು: ಇದಿನ್ನೂ ಪ್ರಸಾದ ಆಗಿರಲಿಲ್ಲವಲ್ಲ.

ಏಜಾಜ ಹೋಟೆಲಿನ ಬಾಗಿಲಿಗೆ ಬಂದು ನಿಂತಿದ್ದ. ಅವನ ಹಿಂದೆ ಗಿರಾಕಿಗಳು ಕತ್ತು ಚಾಚಿದ್ದರು. ಖೋವಾದವನೂ ಬಂದಿದ್ದ. ಆಕೆಯ ಸೊಂಟದ ಬಿಂದಿಗೆಯನ್ನು, ಕೈಯ ಕ್ಯಾನನ್ನು ಎಲ್ಲರೂ ನೋಡಿದರು.

"ಮೌಸಿ, ಮಠದಾಗ ತಗೊಂಡ್ರೇನು?"

ಇಷ್ಟೆಲ್ಲ ದಿನ ಆಕೆ ಕಾದದ್ದು ಈ ಪ್ರಶ್ನೆಗೇ. ಮಾಳಿಗೆಯ ಕಿಟಕಿ ತೆರೆದಿತ್ತು. ಧೂಳಮ್ಮ ಬ್ಯಾಡಪ್ಪ ಎನ್ನಬಹುದಿತ್ತು. ಎಂದರೆ ಮತ್ತೆ ನಾಲಾ, ಮತ್ತೆ ಬಾವಿಕಟ್ಟೆ, ಕಡೆಗಿಟ್ಟ ಕೊಡ, ಧನಶ್ರೀಯ ಬರಿ ತಾಟು. ಆಕೆ ಬಿಂದಿಗೆಯನ್ನು ಮೆಲ್ಲಗೆ ಅಲುಗಿಸಿದಳು. ಒಳಗೆ ಬೆಲ್ಲ ಸದ್ದು ಮಾಡಿತು. ಎಲ್ಲರಿಗೂ ಕೇಳಿತು.

"ತಗೊಂಡ್ರು," ಎಂದಳು.

ಏಜಾಜನ ಮುಖ ಅರಳಿತು. ಒಲೆ ಹೊತ್ತಿಸಿದ. ಹಾಲನ್ನು ಚಾದ ಪಾತ್ರೆಗೆ ಸುರಿಯುವ ಮುಂಚೆ, ಎಂದಿನಂತೆ, ಸ್ಟೀಲ್ ಲೋಟವನ್ನು ಕಂಠದವರೆಗೆ ತುಂಬಿ ಬದಿಗಿಟ್ಟ.

"ಧೂಳಮ್ಮಾ," ಮೇಲಿನಿಂದ ದನಿ ಬಂತು, "ಭಾಳ ದಿನಾ ಆತಲ್ಲೇ. ಪ್ಯಾಕೆಟ್ ಹಾಲು ಕುಡದು ಬಾಯಿ ಕೆಟ್ಟದ ನಂದು. ಎಮ್ಮಿ ಮುನಸಕೊಂಡಿತ್ತೇನು?"

ಹೋಟೆಲಿನವರು ನಗಲು ತಯಾರಾಗಿ ಆಕೆಯ ಮುಖ ನೋಡಿದರು.

"ಹೌದಬೇ ಅಮ್ಮೀ," ಎಂದಳು ಧೂಳಮ್ಮ. "ಈಗ ಸರಿ ಹೋಗ್ಯದ."

ಎಲ್ಲರೂ ನಕ್ಕರು. ಏಜಾಜ ಲೋಟದ ಹಾಲನ್ನು ಕಾಯಿಸಿಕೊಂಡು ಮೆಟ್ಟಿಲು ಹತ್ತಿದ. ಮೇಲೆ ಮುದುಕಿ ಊದಿ ಊದಿ ಕುಡಿಯುವ ಸದ್ದನ್ನು ಧೂಳಮ್ಮ ಕೊನೆಯ ಗುಟುಕಿನವರೆಗೂ ಕೇಳಿಸಿಕೊಂಡಳು. ವಚನ ಕೇಳುವಾಗ ಕಂಬಕ್ಕೊರಗಿ ಕೂರುತ್ತಿದ್ದಳಲ್ಲ, ಹಾಗೆ ಬಾಗಿಲ ಚೌಕಟ್ಟಿಗೆ ಒರಗಿ, ಅಲುಗದೆ.

ಮನೆಗೆ ಬಂದು ಬೆಲ್ಲವನ್ನು ಕುಟ್ಟಿ ಪುಡಿ ಮಾಡಿ ಧನಶ್ರೀಯ ಕರಿ ಚಾಕ್ಕೆ ಹಾಕಿದಳು. ಕೂಸು ಒಂದು ಗುಟುಕು ಕುಡಿದು, ಬಿಳಿ ಚಾ ಬೇಕೆಂದು ರಚ್ಚೆ ಹಿಡಿಯಿತು. ಧೂಳಮ್ಮ ಅದರ ಕೈಯನ್ನು ಗಟ್ಟಿಯಾಗಿ ಹಿಡಿದು, ಅದು ಅಳುತ್ತಿದ್ದಂತೆಯೇ, ಬಟ್ಟಲನ್ನು ಬಾಯಿಗೆ ಒತ್ತಿ ಕಡೆಯವರೆಗೂ ಕುಡಿಸಿದಳು. ಆಮೇಲೆ ಬಟ್ಟಲಿಗೆ ನೀರು ಹಾಕಿ, ತಳದಲ್ಲಿ ಉಳಿದ ಬೆಲ್ಲವನ್ನು ಬೆರಳಿನಿಂದ ಕದಡಿ, ಆ ನೀರನ್ನು ತಾನೇ ಕುಡಿದಳು.